ಪ್ರಮಾದದ ತೀರ್ಪು: ಟಾಲ್‌ಸ್ಟಾಯ್ ಅವರ ‘ಪುನರುತ್ಥಾನ’ದಲ್ಲಿ ನ್ಯಾಯಾಲಯ

ಅನ್ಯಾಯವೆಂದೊಡನೆ ಸಾಮಾನ್ಯವಾಗಿ ಮನಸ್ಸಿನ ಮುಂದೆ ನಿಲ್ಲುವುದು ದುಷ್ಟನ ಚಿತ್ರ. ಲಂಚಕ್ಕೆ ಕೈಯೊಡ್ಡುವ ಅಧಿಕಾರಿ, ಹಣಕ್ಕಾಗಿ ಸುಳ್ಳು ಸಾಕ್ಷಿ ನುಡಿಯುವ ಧೂರ್ತ, ದ್ವೇಷದಿಂದ ತೀರ್ಪು ಬರೆಯುವ ನ್ಯಾಯಾಧೀಶ ಇವರಿದ್ದರೆ ಮಾತ್ರ ನ್ಯಾಯ ಕೆಡುತ್ತದೆ, ಇವರನ್ನು ತೊಲಗಿಸಿದರೆ ನ್ಯಾಯ ತಾನಾಗಿ ಶುದ್ಧವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಈ ನಂಬಿಕೆಯನ್ನು ಬುಡಸಹಿತ ಅಲುಗಾಡಿಸುವ ಕೃತಿಗಳಲ್ಲಿ ರಷ್ಯದ ಲಿಯೋ ಟಾಲ್‌ಸ್ಟಾಯ್ ಅವರ ‘ಪುನರುತ್ಥಾನ’ ಮುಖ್ಯವಾದುದು. ಲೇಖಕರು ಎಪ್ಪತ್ತರ ವಯಸ್ಸನ್ನು ಮುಟ್ಟಿದ್ದಾಗ, 1899ರಲ್ಲಿ, ಈ ಕಾದಂಬರಿ ‘ನೀವಾ’ ಎಂಬ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಇದರಲ್ಲಿ ಒಬ್ಬ ನಿರಪರಾಧಿ ಹೆಣ್ಣಿಗೆ ಸೈಬೀರಿಯದಲ್ಲಿ ನಾಲ್ಕು ವರ್ಷಗಳ ಕಠಿಣ ದುಡಿಮೆಯ ಶಿಕ್ಷೆಯಾಗುತ್ತದೆ. ಆ ಶಿಕ್ಷೆಗಾಗಿ ನ್ಯಾಯಪೀಠದಲ್ಲಿ ಯಾರೂ ಲಂಚ ಪಡೆದಿಲ್ಲ. ಯಾರಿಗೂ ಆಕೆಯ ಮೇಲೆ ಹಗೆಯಿಲ್ಲ. ವಿಧಿವಿಧಾನಗಳೆಲ್ಲ ಕ್ರಮವಾಗಿಯೇ ನಡೆದಿವೆ. ಆದರೂ ಅನ್ಯಾಯ ನಡೆದುಹೋಗುತ್ತದೆ. ಹೇಗೆ ನಡೆಯಿತು ಎಂಬುದೇ ಕಾದಂಬರಿಯ ಮೊದಲ ಭಾಗದ ವಸ್ತು. ಯಾರು ಹೊಣೆ ಎಂಬುದು ಉಳಿದೆರಡು ಭಾಗಗಳ ವಸ್ತು.

ಕಥೆಯ ಮೂಲ ಕಲ್ಪನೆಯಲ್ಲ. ಪ್ರಸಿದ್ಧ ನ್ಯಾಯವೇತ್ತ ಅನಾತೊಲಿ ಕೋನಿ ಅವರು 1887ರಲ್ಲಿ ಟಾಲ್‌ಸ್ಟಾಯ್ ಅವರ ಮನೆಗೆ ಬಂದಿದ್ದಾಗ ತಾವು ಕಂಡ ಒಂದು ಪ್ರಕರಣವನ್ನು ಹೇಳಿದರು. ಕುಡಿದಿದ್ದವನೊಬ್ಬನಿಂದ ನೂರು ರೂಬಲ್ ಕದ್ದಳೆಂದು ಒಬ್ಬ ವೇಶ್ಯೆಯ ವಿಚಾರಣೆ ನಡೆದಿತ್ತು. ತೀರ್ಪುಗಾರರ ಮಂಡಲಿಯಲ್ಲಿ ಕುಳಿತಿದ್ದ ಒಬ್ಬ ಸಭ್ಯ ಗೃಹಸ್ಥನೇ ಹಿಂದೊಮ್ಮೆ ಆಕೆಯ ಬಾಳನ್ನು ಕೆಡಿಸಿದವನು. ಆತ ಪಶ್ಚಾತ್ತಾಪದಿಂದ ಆಕೆಯನ್ನು ಮದುವೆಯಾಗಲು ಮುಂದಾದ. ಆಕೆ ಕಾರಾಗೃಹದಲ್ಲಿಯೇ ಜ್ವರಬಂದು ತೀರಿಕೊಂಡಳು. ಹತ್ತು ವರ್ಷಗಳ ಕಾಲ ಟಾಲ್‌ಸ್ಟಾಯ್ ಇದನ್ನು ‘ಕೋನಿಯ ಕಥೆ’ ಎಂದೇ ಕರೆಯುತ್ತ, ಬರೆಯುತ್ತ, ಕೈಬಿಡುತ್ತ ಬಂದರು. ಕೊನೆಗೆ ಅದನ್ನು ಮುಗಿಸುವಂತೆ ಮಾಡಿದ್ದು ದುಖೋಬೋರ್ ಎಂಬ ಪಂಥದವರ ಸಂಕಷ್ಟ. ಕೊಲ್ಲುವುದು ಪಾಪವೆಂದು ನಂಬಿದ ಆ ರೈತರು 1895ರಲ್ಲಿ ತಮ್ಮ ಆಯುಧಗಳನ್ನೆಲ್ಲ ರಾಶಿಹಾಕಿ ಸುಟ್ಟು, ಸೈನ್ಯಸೇವೆಯನ್ನು ನಿರಾಕರಿಸಿ, ಸರ್ಕಾರದ ಕಠೋರ ದಂಡನೆಗೆ ಗುರಿಯಾಗಿದ್ದರು. ತಮ್ಮ ಬರಹಗಳ ಹಕ್ಕನ್ನು ಬಿಟ್ಟುಕೊಟ್ಟಿದ್ದ ಟಾಲ್‌ಸ್ಟಾಯ್ ಈ ಒಂದು ಕಾದಂಬರಿಗೆ ಮಾತ್ರ ಸಂಭಾವನೆ ಪಡೆದು, ಆ ಹಣವನ್ನು ಅವರು ಕೆನಡಾಕ್ಕೆ ವಲಸೆ ಹೋಗಲು ಕೊಟ್ಟರು. ರಷ್ಯದ ಆವೃತ್ತಿಯನ್ನು ಸೆನ್ಸಾರ್ ಅಧಿಕಾರಿಗಳು ಅನೇಕ ಕಡೆ ಕತ್ತರಿಸಿದರು. ಪೂರ್ಣ ಪಾಠ ಇಂಗ್ಲೆಂಡಿನಲ್ಲಿ ಮುದ್ರಣಗೊಂಡಿತು.

ಓದುಗರು ಮೊದಲು ಗಮನಿಸಬೇಕಾದ ಅಂಶವೊಂದಿದೆ. ಕಾದಂಬರಿಯಲ್ಲಿ ಬರುವ ನ್ಯಾಯಾಲಯ ಅನಾಗರಿಕ ಕಾಲದ್ದಲ್ಲ. ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ 1864ರಲ್ಲಿ ನ್ಯಾಯಾಂಗದ ದೊಡ್ಡ ಸುಧಾರಣೆಯನ್ನು ಜಾರಿಗೆ ತಂದಿದ್ದನು. ಅದಕ್ಕೆ ಮೊದಲು ಮುಚ್ಚಿದ ಬಾಗಿಲ ಹಿಂದೆ, ಬರಿಯ ಕಾಗದಪತ್ರಗಳ ಮೇಲೆ, ಲಂಚದ ಬಲದಿಂದ ತೀರ್ಪುಗಳಾಗುತ್ತಿದ್ದವು. ಸುಧಾರಣೆಯ ತರುವಾಯ ವಿಚಾರಣೆ ಬಹಿರಂಗವಾಯಿತು. ಆರೋಪಿಗೆ ವಕೀಲರು ದೊರೆತರು. ಗಂಭೀರ ಅಪರಾಧಗಳಲ್ಲಿ ಹನ್ನೆರಡು ಮಂದಿ ತೀರ್ಪುಗಾರರು ತಪ್ಪೊಪ್ಪುಗಳನ್ನು ನಿರ್ಣಯಿಸತೊಡಗಿದರು. ಮೇಲ್ಮನವಿಯ ದಾರಿಯೂ ತೆರೆಯಿತು. ಅಂದಿನ ಯೂರೋಪಿನಲ್ಲಿ ಉತ್ತಮವೆನ್ನಬಹುದಾದ ವ್ಯವಸ್ಥೆ ಅದು. ಟಾಲ್‌ಸ್ಟಾಯ್ ಪರೀಕ್ಷೆಗೆ ಒಡ್ಡುವುದು ಈ ಸುಧಾರಿತ ನ್ಯಾಯಾಲಯವನ್ನೇ. ಕೆಟ್ಟ ಸಂಸ್ಥೆಯ ಕೆಡಕನ್ನು ತೋರಿಸುವುದು ಸುಲಭ. ಒಳ್ಳೆಯ ಸಂಸ್ಥೆ ಹೇಗೆ ಕೆಡಕು ಮಾಡುತ್ತದೆಂದು ತೋರಿಸುವುದೇ ಕಠಿಣ.

ಕಥಾನಾಯಕಿ ಕತ್ಯೂಷಾ ಮಾಸ್ಲೋವಾ ಹಸುಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಅವಿವಾಹಿತೆಯ ಮಗಳು. ಇಬ್ಬರು ಜಮೀನ್ದಾರ ಸೋದರಿಯರ ಮನೆಯಲ್ಲಿ ಅರ್ಧ ಸಾಕುಮಗಳಾಗಿ, ಅರ್ಧ ದಾಸಿಯಾಗಿ ಬೆಳೆದವಳು. ಆ ಸೋದರಿಯರ ಸೋದರಳಿಯನಾದ ರಾಜವಂಶದ ನೆಖ್ಲೂದೋವ್, ಯುದ್ಧಕ್ಕೆ ಹೋಗುವ ಮುನ್ನ ಹಬ್ಬದ ರಾತ್ರಿ ಅವಳನ್ನು ಕೆಡಿಸಿ, ನೂರು ರೂಬಲಿನ ನೋಟೊಂದನ್ನು ಕೈಗೆ ತುರುಕಿ ಹೊರಟುಹೋಗುತ್ತಾನೆ. ಗರ್ಭಿಣಿಯಾದ ಅವಳಿಗೆ ಆ ಮನೆ ತಪ್ಪುತ್ತದೆ, ಮಗು ಸಾಯುತ್ತದೆ, ಮನೆಯಿಂದ ಮನೆಗೆ ಅಲೆದು ಕೊನೆಗೆ ವೇಶ್ಯಾಗೃಹ ಸೇರುತ್ತಾಳೆ. ಅಲ್ಲಿಗೆ ಬಂದ ಸೈಬೀರಿಯದ ವ್ಯಾಪಾರಿ ಸ್ಮೆಲ್ಕೋವ್ ಒಂದು ಹೋಟೆಲಿನಲ್ಲಿ ವಿಷಪ್ರಾಶನದಿಂದ ಸಾಯುತ್ತಾನೆ. ಹೋಟೆಲಿನ ಆಳು ಕಾರ್ತಿನ್‌ಕಿನ್ ಕೊಟ್ಟ ಪುಡಿಯನ್ನು ನಿದ್ರೆಯ ಔಷಧವೆಂದು ನಂಬಿ ಮಾಸ್ಲೋವಾ ಅವನ ಮದ್ಯದಲ್ಲಿ ಬೆರೆಸಿದ್ದಳು. ಹಣ ಹೋದದ್ದು ಕಾರ್ತಿನ್‌ಕಿನ್ ಮತ್ತು ಅವನ ಜೊತೆಗಾತಿ ಬೊಚ್ಕೋವಾ ಕೈಗೆ. ಆಳಿನ ಸಂಬಳದವಳಾದ ಬೊಚ್ಕೋವಾ ಘಟನೆಯ ಮರುದಿನ ಬ್ಯಾಂಕಿನಲ್ಲಿ 1,800 ರೂಬಲ್ ಜಮಾ ಮಾಡಿದ್ದಳೆಂಬ ಸಂಗತಿ ಆರೋಪಪತ್ರದಲ್ಲಿಯೇ ಇದೆ. ಲೆಕ್ಕ ಬಲ್ಲ ಯಾರಿಗಾದರೂ ಈ ಒಂದು ಜಮಾ ನಮೂದು ಪ್ರಕರಣದ ಅರ್ಧಭಾಗವನ್ನು ಬಿಡಿಸಿ ತೋರಿಸುತ್ತದೆ.

ಇಂತಹ ಪ್ರಕರಣವನ್ನು ಕೇಳಲು ಕುಳಿತವರು ಯಾರು? ಅಧ್ಯಕ್ಷ ನ್ಯಾಯಾಧೀಶನಿಗೆ ಸಂಜೆ ಆರು ಗಂಟೆಯೊಳಗೆ ತನ್ನ ಪ್ರಣಯಿನಿಯನ್ನು ಕಾಣುವ ಅವಸರ. ಎರಡನೆಯವನು ಬೆಳಿಗ್ಗೆ ಹೆಂಡತಿಯೊಡನೆ ಜಗಳವಾಡಿ ಬಂದಿದ್ದಾನೆ. ರಾತ್ರಿ ಊಟವಿಲ್ಲವೆಂದು ಆಕೆ ಹೇಳಿ ಕಳುಹಿಸಿದ್ದಾಳೆ. ಮೂರನೆಯವನಿಗೆ ಹೊಟ್ಟೆಯ ಬೇನೆ. ತನ್ನ ಕೋಣೆಯಿಂದ ಪೀಠದವರೆಗಿನ ಹೆಜ್ಜೆಗಳ ಸಂಖ್ಯೆ ಮೂರರಿಂದ ಭಾಗವಾದರೆ ಹೊಸ ಚಿಕಿತ್ಸೆ ಫಲಿಸುವುದೆಂದು ಶಕುನ ಕಟ್ಟಿಕೊಂಡು, ಇಪ್ಪತ್ತಾರಕ್ಕೇ ಮುಗಿಯಬೇಕಾದ ಹೆಜ್ಜೆಗಳನ್ನು ಪುಟ್ಟದೊಂದು ಹೆಜ್ಜೆ ಸೇರಿಸಿ ಇಪ್ಪತ್ತೇಳು ಮಾಡಿಕೊಳ್ಳುತ್ತಾನೆ. ಸಹಾಯಕ ಸರ್ಕಾರಿ ವಕೀಲ ರಾತ್ರಿಯೆಲ್ಲ ಗೆಳೆಯನ ಬೀಳ್ಕೊಡುಗೆಯಲ್ಲಿ ಕಳೆದು ಕಡತವನ್ನೇ ಓದಿಲ್ಲ; ಆ ಕೂಟ ಕೊನೆಗೊಂಡದ್ದು ಮಾಸ್ಲೋವಾ ಇದ್ದ ಅದೇ ವೇಶ್ಯಾಗೃಹದಲ್ಲಿ. ತೀರ್ಪುಗಾರರ ಸಾಲಿನಲ್ಲಿ ನೆಖ್ಲೂದೋವನೂ ಇದ್ದಾನೆ. ಆರೋಪಿಯ ಮುಖವನ್ನು ಗುರುತಿಸಿದ ಕ್ಷಣದಿಂದ ಅವನನ್ನು ಕಾಡುವುದು ಅವಳ ಗತಿಯೇನಾದೀತೆಂಬ ಚಿಂತೆಗಿಂತ ಹೆಚ್ಚಾಗಿ ತನ್ನ ಗುಟ್ಟು ಬಯಲಾದೀತೆಂಬ ಭಯ.

ಇಲ್ಲಿ ಟಾಲ್‌ಸ್ಟಾಯ್ ಅವರ ವಿಮರ್ಶೆಯ ಮರ್ಮವನ್ನು ಹಿಡಿಯಬೇಕು. ಈ ವಿವರಗಳನ್ನು ಅವರು ನಗೆಗಾಗಿ ಕೊಟ್ಟಿಲ್ಲ. ಇವುಗಳಲ್ಲಿ ಪ್ರತಿಯೊಂದೂ ಪ್ರತ್ಯೇಕವಾಗಿ ನೋಡಿದರೆ ಕ್ಷಮ್ಯ. ಹೊಟ್ಟೆನೋವು ಯಾರಿಗಿಲ್ಲ? ಮನೆಯ ಜಗಳ ಯಾವ ಮನೆಯಲ್ಲಿಲ್ಲ? ಆದರೆ ಇವೆಲ್ಲ ಒಂದೇ ದಿನ, ಒಂದೇ ಕೋಣೆಯಲ್ಲಿ, ಒಬ್ಬಳೇ ಹೆಣ್ಣಿನ ತಲೆಯ ಮೇಲೆ ಸೇರಿದಾಗ ಅದರ ಮೊತ್ತ ನಾಲ್ಕು ವರ್ಷಗಳ ಸೈಬೀರಿಯ. ವಿಚಾರಣೆಯ ಕೊನೆಗೆ ಅಧ್ಯಕ್ಷನು ತೀರ್ಪುಗಾರರಿಗೆ ಕಾನೂನನ್ನು ದೀರ್ಘವಾಗಿ ವಿವರಿಸುತ್ತಾನೆ. ಎಲ್ಲರಿಗೂ ಗೊತ್ತಿರುವ ವಿಷಯಗಳನ್ನು ಮತ್ತೆ ಮತ್ತೆ ಹೇಳುತ್ತಾನೆ. ಆದರೆ ಪ್ರತಿ ಬಾರಿಯೂ ತಪ್ಪದೆ ಹೇಳುತ್ತಿದ್ದ ಒಂದು ಮಾತನ್ನು, ಅಂದರೆ ‘ಕೃತ್ಯ ನಡೆದಿದೆ, ಆದರೆ ಕೊಲ್ಲುವ ಉದ್ದೇಶವಿರಲಿಲ್ಲ’ ಎಂದು ಉತ್ತರಿಸುವ ಅವಕಾಶ ತೀರ್ಪುಗಾರರಿಗೆ ಇದೆ ಎಂಬುದನ್ನು, ಅಂದು ಮರೆಯುತ್ತಾನೆ. ತೀರ್ಪುಗಾರರು ದಣಿದಿದ್ದಾರೆ. ಅವಳು ಕದ್ದಿಲ್ಲವೆಂದು ಒಪ್ಪುತ್ತಾರೆ. ಕನಿಕರಕ್ಕೆ ಪಾತ್ರಳೆಂದೂ ಒಪ್ಪುತ್ತಾರೆ. ಕೊಲ್ಲುವ ಉದ್ದೇಶವಿರಲಿಲ್ಲವೆಂಬ ಆ ಒಂದು ಮಾತನ್ನು ಸೇರಿಸಲು ಯಾರಿಗೂ ನೆನಪಾಗುವುದಿಲ್ಲ. ಕದಿಯುವ ಉದ್ದೇಶವೇ ಇಲ್ಲದವಳು ಏಕೆ ಕೊಂದಳು ಎಂದು ಯಾರೂ ಕೇಳುವುದಿಲ್ಲ. ನೆಖ್ಲೂದೋವ್ ಕೂಡ ಗಮನಿಸುವುದಿಲ್ಲ.

ತಪ್ಪು ಬೆಳಕಿಗೆ ಬಂದ ಮೇಲೆ ತಿದ್ದುವ ದಾರಿಯೂ ಇತ್ತು. ತೀರ್ಪುಗಾರರು ನಿರಪರಾಧಿಯನ್ನು ಅಪರಾಧಿಯೆಂದರೆ ನ್ಯಾಯಪೀಠವು ಆ ನಿರ್ಣಯವನ್ನು ಬದಿಗಿಡಬಹುದೆಂಬ ವಿಧಿಯಿತ್ತು. ಅಧ್ಯಕ್ಷನು ಜೊತೆಯವರನ್ನು ಕೇಳುತ್ತಾನೆ. ಶಕುನದ ನ್ಯಾಯಾಧೀಶ ಕಾಗದದ ಸಂಖ್ಯೆಯ ಅಂಕಿಗಳನ್ನು ಕೂಡಿ ನೋಡುತ್ತಾನೆ. ಮೊತ್ತ ಮೂರರಿಂದ ಭಾಗವಾಗುವುದಿಲ್ಲ. ಆದರೂ ಕನಿಕರದಿಂದ ಒಪ್ಪುತ್ತಾನೆ. ಜಗಳವಾಡಿ ಬಂದವನು ಮಾತ್ರ ಪತ್ರಿಕೆಗಳು ಏನೆನ್ನುವುವೋ ಎಂದು ನಿರಾಕರಿಸುತ್ತಾನೆ. ಅಧ್ಯಕ್ಷನು ಗಡಿಯಾರ ನೋಡಿ ಸುಮ್ಮನಾಗುತ್ತಾನೆ. ಮೂಢನಂಬಿಕೆಯವನಿಗೆ ದಯೆಯಿದೆ, ನಿಯಮನಿಷ್ಠನಿಗೆ ದಯೆಯಿಲ್ಲ ಎಂಬ ಈ ಸೂಕ್ಷ್ಮವನ್ನು ಬರೆಯಬಲ್ಲ ಲೇಖಕನು ಮನುಷ್ಯರನ್ನು ಒಳ್ಳೆಯವರು ಕೆಟ್ಟವರು ಎಂದು ಎರಡು ಗುಂಪು ಮಾಡಿ ತೃಪ್ತನಾಗುವವನಲ್ಲ. ಕೊನೆಗೆ ಕಾರ್ತಿನ್‌ಕಿನ್‌ಗೆ ಎಂಟು ವರ್ಷ, ಮಾಸ್ಲೋವಾಗೆ ನಾಲ್ಕು ವರ್ಷ ಸೈಬೀರಿಯದ ದುಡಿಮೆ. 1,800 ರೂಬಲ್ ಜಮಾ ಮಾಡಿದ್ದ ಬೊಚ್ಕೋವಾಗೆ ಬರಿಯ ಮೂರು ವರ್ಷದ ಸೆರೆವಾಸ.

ಈ ಪತ್ರಿಕೆಯ ಓದುಗರಿಗೆ ಚಿರಪರಿಚಿತವಾದ ಒಂದು ಪದ ಈ ಸನ್ನಿವೇಶಕ್ಕೆ ಸರಿಯಾಗಿ ಹೊಂದುತ್ತದೆ: ಪ್ರಮಾದ. ಹಿಂಸೆಗೆ ದ್ವೇಷವೇ ಬೇಕೆಂದಿಲ್ಲ, ಎಚ್ಚರದಪ್ಪಿದ ನಡೆಯೇ ಸಾಕು ಎಂಬುದು ಪ್ರಾಚೀನ ಚಿಂತನೆ. ಟಾಲ್‌ಸ್ಟಾಯ್ ಈ ಪದವನ್ನು ಅರಿಯರು. ಆದರೆ ಅವರು ಚಿತ್ರಿಸಿರುವುದು ಇದನ್ನೇ. ಲಂಚವು ನ್ಯಾಯವನ್ನು ಮಾರುತ್ತದೆ; ಪ್ರಮಾದವು ಅದನ್ನು ಕಳೆದುಹಾಕುತ್ತದೆ. ಮಾರಿದವನನ್ನು ಹಿಡಿದು ಶಿಕ್ಷಿಸಬಹುದು. ಕಳೆದುಹಾಕಿದವರು ಹದಿನೈದು ಮಂದಿ. ಅವರಲ್ಲಿ ಯಾರನ್ನು ಹಿಡಿಯುವುದು?

ಅದೇ ನ್ಯಾಯಾಲಯದಲ್ಲಿ ನೆಖ್ಲೂದೋವ್ ಇನ್ನೊಂದು ವಿಚಾರಣೆಗೂ ಕೂರುತ್ತಾನೆ. ಕೆಲಸ ಕಳೆದುಕೊಂಡ ಬಡ ಹುಡುಗನೊಬ್ಬ ಬೀಗ ಮುರಿದು ಹಳೆಯ ನೆಲಹಾಸುಗಳನ್ನು ಕದ್ದಿದ್ದಾನೆ. ಅವುಗಳ ಬೆಲೆ 3 ರೂಬಲ್ 67 ಕೊಪೆಕ್. ಈ ಅಂಕಿಯನ್ನು ಕೊಪೆಕ್‌ವರೆಗೂ ಕಾದಂಬರಿಕಾರರು ದಾಖಲಿಸಿರುವುದು ಅರ್ಥಪೂರ್ಣ. ಹುಡುಗನನ್ನು ಶಿಕ್ಷಿಸಲು ಸರ್ಕಾರ ಖರ್ಚು ಮಾಡುವ ಹಣದಲ್ಲಿ ಒಂದಂಶವನ್ನು ಅವನು ಬೀದಿಗೆ ಬೀಳುವ ಮೊದಲೇ ವ್ಯಯಿಸಿದ್ದರೆ ಕಳವೇ ನಡೆಯುತ್ತಿರಲಿಲ್ಲವೆಂದು ನೆಖ್ಲೂದೋವನಿಗೆ ಹೊಳೆಯುತ್ತದೆ. ರಾಜ್ಯದ ಖಾತೆಪುಸ್ತಕದಲ್ಲಿ ಖರ್ಚಿನ ಪುಟವಿದೆ, ಲಾಭನಷ್ಟದ ಪುಟವಿಲ್ಲ.

ಎರಡನೆಯ ಭಾಗದಲ್ಲಿ ನೆಖ್ಲೂದೋವ್ ಮೇಲ್ಮನವಿಗಾಗಿ ರಾಜಧಾನಿ ಪೀಟರ್ಸ್‌ಬರ್ಗಿಗೆ ಹೋಗುತ್ತಾನೆ. ಅಲ್ಲಿಯ ಉಚ್ಚ ನ್ಯಾಯಸ್ಥಾನವಾದ ಸೆನೆಟ್ ಪರಿಶೀಲಿಸುವುದು ಕಲಾಪದಲ್ಲಿ ಲೋಪವಾಗಿದೆಯೇ ಎಂಬುದನ್ನು ಮಾತ್ರ. ಆರೋಪಿ ನಿರಪರಾಧಿಯೇ ಎಂಬ ಪ್ರಶ್ನೆ ಅದರ ವ್ಯಾಪ್ತಿಗೆ ಸೇರದು. ಅಷ್ಟಾದರೂ ನ್ಯಾಯವಾಗಿ ನಡೆಯಿತೇ? ಕೊನೆಗೆ ಎಲ್ಲವೂ ಸ್ಕೊವೊರೊದ್ನಿಕೊವ್ ಎಂಬ ಒಬ್ಬ ಸದಸ್ಯನ ಮತವನ್ನು ಅವಲಂಬಿಸುತ್ತದೆ. ಶ್ರೀಮಂತನೊಬ್ಬ ಧರ್ಮಬುದ್ಧಿಯಿಂದ ವೇಶ್ಯೆಯನ್ನು ಮದುವೆಯಾಗಲು ಹೊರಟಿರುವುದು ಆತನಿಗೆ ಅಸಹ್ಯ. ಆ ಅಸಹ್ಯಕ್ಕಾಗಿ ಅವನು ಮನವಿಯ ವಿರುದ್ಧ ಮತ ನೀಡುತ್ತಾನೆ. ನಿಯಮದ ನೆಪ, ರುಚಿಯ ನಿರ್ಣಯ.

ಭ್ರಷ್ಟತೆಯ ಕುರಿತು ಕಾದಂಬರಿ ಹೇಳುವ ಅತಿ ಸೂಕ್ಷ್ಮವಾದ ಮಾತು ಪೀಟರ್ಸ್‌ಬರ್ಗಿನ ಈ ಅಧ್ಯಾಯಗಳಲ್ಲಿಯೇ ಇದೆ. ಶುಸ್ತೋವಾ ಎಂಬ ಯುವತಿ ಯಾವ ಅಪರಾಧವೂ ಸಾಬೀತಾಗದೆ ತಿಂಗಳುಗಟ್ಟಲೆ ಕೋಟೆಯಲ್ಲಿ ಏಕಾಂತ ಸೆರೆಯಲ್ಲಿದ್ದಾಳೆ. ನೆಖ್ಲೂದೋವ್ ತನ್ನ ಪರಿಚಯದ ಮರಿಯೆಟ್ ಎಂಬ ಸುಂದರಿಗೆ ಒಂದು ಮಾತು ಹೇಳುತ್ತಾನೆ; ಆಕೆ ಅಧಿಕಾರಿಯಾದ ಗಂಡನಿಗೆ ಹೇಳುತ್ತಾಳೆ; ಹುಡುಗಿ ಬಿಡುಗಡೆಯಾಗುತ್ತಾಳೆ. ಒಂದು ಮಾತಿಗೆ ಬಿಡಬಹುದಾದವಳನ್ನು ಇಷ್ಟು ದಿನ ಏಕೆ ಕೂಡಿಟ್ಟಿದ್ದರು ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ. ಇಲ್ಲಿ ಹಣ ಕೈಬದಲಾಯಿಸಿಲ್ಲ, ನಡೆದದ್ದು ಸತ್ಕಾರ್ಯವೇ. ಆದರೂ ಶಿಫಾರಸಿನಿಂದ ತೆರೆಯುವ ಬಾಗಿಲು ಶಿಫಾರಸಿಲ್ಲದವರಿಗೆ ಮುಚ್ಚಿಯೇ ಇರುತ್ತದೆ. ನೆಖ್ಲೂದೋವನ ಉಪಕಾರಗಳೆಲ್ಲ ಅವನ ವಂಶ, ಅವನ ಉಡುಪು, ಅವನ ಅತ್ತೆಯ ಅತಿಥಿಗೃಹ ಇವುಗಳ ಬಲದಿಂದ ನಡೆಯುತ್ತವೆ. ಸೈಬೀರಿಯದ ದಾರಿಯಲ್ಲಿ ಕಾವಲಿನವರಿಗೆ ಕೈಬೆಚ್ಚಗೆ ಮಾಡಿಯೂ ಒಳಗೆ ಹೋಗುತ್ತಾನೆ. ತಾನು ವಿರೋಧಿಸುವ ವ್ಯವಸ್ಥೆಯ ನಾಣ್ಯದಿಂದಲೇ ಅವನು ನ್ಯಾಯವನ್ನು ಕೊಳ್ಳುತ್ತಿದ್ದಾನೆ. ಟಾಲ್‌ಸ್ಟಾಯ್ ಈ ವಿರೋಧಾಭಾಸವನ್ನು ಮುಚ್ಚಿಲ್ಲ; ಆದರೆ ಅದನ್ನು ಕೊನೆಯವರೆಗೆ ಬೆನ್ನಟ್ಟಿಯೂ ಇಲ್ಲ. ಇದು ಕೃತಿಯ ಮೊದಲ ಕೊರತೆ.

ಕಾರಾಗೃಹದ ಚಿತ್ರಗಳು ಎಂದಿಗೂ ಮರೆಯಲಾಗದಂಥವು. ಕಲ್ಲುಕೆಲಸ ಮಾಡುವ ಸುಮಾರು 130 ಮಂದಿ ಅಲ್ಲಿದ್ದಾರೆ. ಅವರ ರಹದಾರಿ ಪತ್ರದ ಅವಧಿ ಮುಗಿದಿದೆ, ಅದೊಂದೇ ಅಪರಾಧ. ಅವರ ಪ್ರಾಂತ್ಯದ ಸೆರೆಮನೆ ಸುಟ್ಟುಹೋಗಿರುವುದರಿಂದ ಅಲ್ಲಿಗೆ ಕಳುಹಿಸುವಂತಿಲ್ಲ. ಆದುದರಿಂದ ಇಲ್ಲಿಯೇ ಒಂದು ತಿಂಗಳಿನಿಂದ ಕೊಳೆಯುತ್ತಿದ್ದಾರೆ. ಮೆನ್ಶೋವ್ ಎಂಬ ರೈತನ ಹೆಂಡತಿಯನ್ನು ಹೆಂಡದಂಗಡಿಯವನು ಅಪಹರಿಸಿ, ವಿಮೆಯ ಹಣಕ್ಕಾಗಿ ತನ್ನ ಅಂಗಡಿಗೆ ತಾನೇ ಬೆಂಕಿಯಿಟ್ಟು, ಆ ಆರೋಪವನ್ನು ಮೆನ್ಶೋವ್ ಮತ್ತು ಅವನ ವೃದ್ಧ ತಾಯಿಯ ಮೇಲೆ ಹೊರಿಸಿದ್ದಾನೆ. ಜುಲೈ ತಿಂಗಳ ಸುಡುಬಿಸಿಲಿನಲ್ಲಿ ಕೈದಿಗಳನ್ನು ರೈಲು ನಿಲ್ದಾಣಕ್ಕೆ ನಡೆಸಿಕೊಂಡು ಹೋಗುವಾಗ, ಸೆರೆಯ ಕತ್ತಲೆಯಿಂದ ಒಮ್ಮೆಲೇ ಹೊರಬಂದವರು ದಾರಿಯಲ್ಲಿ ಕುಸಿದು ಸಾಯುವುದನ್ನು ನೆಖ್ಲೂದೋವ್ ಕಣ್ಣಾರೆ ಕಾಣುತ್ತಾನೆ.

ಆ ಸಾವುಗಳ ಹೊಣೆ ಯಾರದು? ಮೆರವಣಿಗೆಗೆ ಆಜ್ಞೆ ಕೊಟ್ಟವನು ಕಾಗದಕ್ಕೆ ಸಹಿ ಮಾತ್ರ ಮಾಡಿದ್ದಾನೆ. ವೈದ್ಯನು ನಿಯಮದಂತೆ ಎಲ್ಲರನ್ನೂ ಪರೀಕ್ಷಿಸಿದ್ದಾನೆ. ಕಾವಲಿನ ಅಧಿಕಾರಿ ಇಂತಿಷ್ಟು ತಲೆಗಳನ್ನು ಎಣಿಸಿ ಪಡೆದು, ಇಂತಿಷ್ಟು ತಲೆಗಳನ್ನು ಎಣಿಸಿ ಒಪ್ಪಿಸಬೇಕು. ಪ್ರತಿಯೊಬ್ಬನ ಲೆಕ್ಕವೂ ಸರಿಯಾಗಿಯೇ ಇದೆ, ಮನುಷ್ಯರು ಮಾತ್ರ ಸತ್ತಿದ್ದಾರೆ. ಹುದ್ದೆಯೊಂದನ್ನು ಮನುಷ್ಯಸಂಬಂಧಕ್ಕಿಂತ ಮೇಲೆಂದು ಒಂದು ಗಳಿಗೆಯಾದರೂ ಭಾವಿಸಿದರೆ, ಯಾವ ಪಾಪವನ್ನಾದರೂ ಪಾಪಪ್ರಜ್ಞೆಯಿಲ್ಲದೆ ಮಾಡಬಹುದು ಎಂಬ ತೀರ್ಮಾನಕ್ಕೆ ನೆಖ್ಲೂದೋವ್ ಬರುತ್ತಾನೆ. ತಾನೇ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದಕ್ಕೆ ಸಮ್ಮತಿಸುವುದು ಈ ಮೂರೂ ಕರ್ತೃತ್ವವೇ ಎಂಬ ವಿವೇಚನೆಯನ್ನು ಕೇಳಿ ಬೆಳೆದವರಿಗೆ ಇದು ಹೊಸ ವಿಚಾರವೆನಿಸದು. ಆಧುನಿಕ ಕಛೇರಿಯು ಈ ಮೂರನ್ನು ಮೂವತ್ತು ಮೇಜುಗಳಿಗೆ ಹಂಚಿಬಿಡುತ್ತದೆ, ಹಂಚಿದಷ್ಟೂ ಪಾಪ ಕರಗುತ್ತದೆಂಬ ಭ್ರಮೆಯನ್ನು ಹುಟ್ಟಿಸುತ್ತದೆ ಎಂಬುದನ್ನು ತೋರಿಸಿದ್ದು ಟಾಲ್‌ಸ್ಟಾಯ್ ಅವರ ಸಾಧನೆ.

ಇಷ್ಟು ಮೆಚ್ಚಿದ ಮೇಲೆ ಆಕ್ಷೇಪಗಳನ್ನೂ ಹೇಳಬೇಕು. ಮೊದಲನೆಯದು, ಸತ್ತ ವ್ಯಾಪಾರಿಯ ವಿಷಯ. ಸ್ಮೆಲ್ಕೋವ್ ಕುಡುಕ, ವಿಷಯಲಂಪಟ, ದಢೂತಿ ಮನುಷ್ಯ. ನ್ಯಾಯಾಲಯದಲ್ಲಿ ಅವನ ಶವಪರೀಕ್ಷೆಯ ವರದಿಯನ್ನು ಓದುವಾಗ ಓದುಗನಿಗೆ ಹೇವರಿಕೆಯಾಗುತ್ತದೆ. ಹಾಗಾಗಬೇಕೆಂಬುದೇ ಲೇಖಕರ ಇಚ್ಛೆ. ಆದರೆ ಆ ಮನುಷ್ಯ ಪರವೂರಿನಲ್ಲಿ ವಿಷದಿಂದ ಸತ್ತಿದ್ದಾನೆ. ದೂರದ ಸೈಬೀರಿಯದಲ್ಲಿ ಅವನ ದಾರಿ ಕಾಯುತ್ತಿದ್ದವರು ಯಾರಾದರೂ ಇದ್ದರೇ, ಅವನು ನಂಬಿಸಿ ತಂದಿದ್ದ ಹಣ ಯಾರದು, ಅವನಿಗೆ ಸಲ್ಲಬೇಕಾದ ನ್ಯಾಯವೇನು ಎಂಬ ಪ್ರಶ್ನೆಗಳನ್ನು ಇಷ್ಟು ದೊಡ್ಡ ಕಾದಂಬರಿಯಲ್ಲಿ ಯಾರೂ ಎತ್ತುವುದಿಲ್ಲ. ಆರೋಪಿಯ ದುಃಖವನ್ನು ಕಂಡ ಕಣ್ಣು ಹತನಾದವನ ದುಃಖವನ್ನು ಕಾಣದೆ ಹೋದರೆ, ಕರುಣೆಯೂ ಪಕ್ಷಪಾತಿಯಾಗುತ್ತದೆ.

ಎರಡನೆಯದು, ಟಾಲ್‌ಸ್ಟಾಯ್ ಅವರ ಅಂತಿಮ ನಿಲುವು. ಸೆರೆಮನೆ ಸೇರುವವರನ್ನು ನೆಖ್ಲೂದೋವ್ ಐದು ವರ್ಗಗಳಾಗಿ ವಿಂಗಡಿಸುತ್ತಾನೆ: ತಪ್ಪು ತೀರ್ಪಿಗೆ ಬಲಿಯಾದ ನಿರಪರಾಧಿಗಳು, ಕೋಪ, ಮತ್ಸರ, ಮದ್ಯದ ಆವೇಶದಲ್ಲಿ ತಪ್ಪಿದವರು, ತಮ್ಮ ದೃಷ್ಟಿಯಲ್ಲಿ ಸಹಜವೆಂದೇ ತೋರಿದ್ದನ್ನು ಮಾಡಿ ಸಿಕ್ಕಿಬಿದ್ದವರು, ನೈತಿಕವಾಗಿ ಸಮಾಜಕ್ಕಿಂತ ಮೇಲಿರುವುದಕ್ಕಾಗಿಯೇ ಶಿಕ್ಷಿತರಾದವರು, ತಾವು ಸಮಾಜಕ್ಕೆ ಮಾಡಿದ್ದಕ್ಕಿಂತ ಸಮಾಜವೇ ಯಾರಿಗೆ ಹೆಚ್ಚು ಅಪಚಾರ ಮಾಡಿದೆಯೋ ಅಂಥವರು. ಈ ವಿಂಗಡಣೆ ಇಂದಿಗೂ ಚಿಂತನಾರ್ಹ. ಆದರೆ ಇದರಿಂದ ಅವನು ಹೊರಡಿಸುವ ನಿರ್ಣಯ, ಮನುಷ್ಯನಿಗೆ ಮನುಷ್ಯನನ್ನು ದಂಡಿಸುವ ಅಧಿಕಾರವೇ ಇಲ್ಲವೆಂಬುದು, ಪ್ರಮಾಣಗಳು ಹೊರುವುದಕ್ಕಿಂತ ಭಾರವಾದ ನಿರ್ಣಯ. ತಕ್ಕಡಿ ಸುಳ್ಳು ತೂಗಿದರೆ ಬಟ್ಟುಗಳನ್ನು ಪರೀಕ್ಷಿಸಬೇಕು. ತೂಕವನ್ನೇ ಬಿಟ್ಟುಬಿಟ್ಟರೆ ಪೇಟೆಯಲ್ಲಿ ಬಲಿಷ್ಠನ ಕೈಯೇ ತಕ್ಕಡಿಯಾಗುತ್ತದೆ. ನ್ಯಾಯಾಲಯವಿಲ್ಲದ ನಾಡಿನಲ್ಲಿ ಮಾಸ್ಲೋವಾಳ ಗತಿ ಇನ್ನೂ ಮೇಲಾಗುತ್ತಿತ್ತೆಂದು ಕಾದಂಬರಿ ಎಲ್ಲಿಯೂ ತೋರಿಸಿಕೊಟ್ಟಿಲ್ಲ.

ಮೂರನೆಯದು, ಮುಕ್ತಾಯ. ಕೊನೆಯ ಪುಟಗಳಲ್ಲಿ ನೆಖ್ಲೂದೋವ್ ತನ್ನ ಧರ್ಮಗ್ರಂಥವನ್ನು ತೆರೆದು ಓದುತ್ತಾನೆ. ಅಲ್ಲಿ ಅವನಿಗೆ ಎಲ್ಲ ಪ್ರಶ್ನೆಗಳಿಗೂ ಉತ್ತರ ದೊರೆಯುತ್ತದೆ. ಕಾದಂಬರಿಯನ್ನು ಬಹುವಾಗಿ ಮೆಚ್ಚಿದ್ದ ಆಂಟನ್ ಚೆಕೋವ್ ಅವರೇ 1900ರಲ್ಲಿ ಸ್ನೇಹಿತರೊಬ್ಬರಿಗೆ ಬರೆದ ಪತ್ರದಲ್ಲಿ ಈ ಮುಕ್ತಾಯವನ್ನು ಒಪ್ಪಲಿಲ್ಲ. ಗ್ರಂಥದ ವಾಕ್ಯವೊಂದರಿಂದ ಎಲ್ಲವನ್ನೂ ಪರಿಹರಿಸುವುದು ಕೈದಿಗಳನ್ನು ಐದೇ ವರ್ಗಗಳಾಗಿ ವಿಂಗಡಿಸಿದಷ್ಟೇ ಸ್ವೇಚ್ಛೆಯದು ಎಂಬುದು ಅವರ ಅಭಿಪ್ರಾಯದ ಸಾರ. ಚೆಕೋವ್ ಅವರು 1890ರಲ್ಲಿ ಸಖಾಲಿನ್ ದ್ವೀಪಕ್ಕೆ ಹೋಗಿ, ಅಲ್ಲಿಯ ಗಡೀಪಾರು ಕೈದಿಗಳನ್ನು ಮನೆಮನೆಗೆ ತಿರುಗಿ ಗಣತಿ ಮಾಡಿ ಬಂದವರು. ಅಂಥವರ ಆಕ್ಷೇಪಕ್ಕೆ ತೂಕವಿದೆ. ಯಾವ ಧರ್ಮದ ಗ್ರಂಥವೇ ಆಗಲಿ, ಅದನ್ನು ಓದಿ ಮುಚ್ಚಿದ ಮೇಲೂ ಆ 130 ಮಂದಿ ಕಲ್ಲುಕುಟಿಗರು ಒಳಗೇ ಇದ್ದರೆ ಓದಿದ್ದು ಮುಗಿದಿಲ್ಲವೆಂದೇ ಅರ್ಥ.

ಕೃತಿಯನ್ನು ಈ ಕೊರತೆಗಳಿಂದ ಎತ್ತಿ ಹಿಡಿಯುವವಳು ಕತ್ಯೂಷಾ. ನೆಖ್ಲೂದೋವ್ ಸೆರೆಮನೆಗೆ ಬಂದು ಕ್ಷಮೆ ಕೇಳಿ ಮದುವೆಯ ಮಾತೆತ್ತಿದಾಗ ಅವಳು ಕೆರಳುತ್ತಾಳೆ. ಹಿಂದೆ ತನ್ನ ಸುಖಕ್ಕಾಗಿ ಅವಳನ್ನು ಬಳಸಿಕೊಂಡವನು ಈಗ ತನ್ನ ಆತ್ಮೋದ್ಧಾರಕ್ಕಾಗಿ ಬಳಸಿಕೊಳ್ಳಲು ಬಂದಿದ್ದಾನೆಂದು ಅವನ ಮುಖಕ್ಕೇ ಹೇಳುತ್ತಾಳೆ. ದಾನಧರ್ಮ ಮಾಡುವವರೆಲ್ಲರೂ ಒಮ್ಮೆ ನಿಂತು ಕೇಳಬೇಕಾದ ಮಾತಿದು. ಚಕ್ರವರ್ತಿಗೆ ಸಲ್ಲಿಸಿದ ಅರ್ಜಿಯಿಂದ ಅವಳ ಶಿಕ್ಷೆ ಸೈಬೀರಿಯದಲ್ಲಿ ನೆಲೆಸಿರಬೇಕೆಂಬ ಆಜ್ಞೆಗೆ ಇಳಿದಾಗಲೂ ಅವಳು ಅವನನ್ನು ವರಿಸುವುದಿಲ್ಲ. ಸಹಕೈದಿಯಾದ ಸಿಮನ್‌ಸನ್‌ನೊಡನೆ ಬಾಳುವುದಾಗಿ ನಿರ್ಧರಿಸುತ್ತಾಳೆ. ನ್ಯಾಯಾಲಯ ಅವಳನ್ನು ನಿರಪರಾಧಿಯೆಂದು ಕೊನೆಯವರೆಗೂ ಹೇಳುವುದಿಲ್ಲವೆಂಬುದನ್ನು ಮರೆಯಬಾರದು. ಅವಳಿಗೆ ದೊರೆತದ್ದು ಕೃಪೆಯೇ ಹೊರತು ನ್ಯಾಯವಲ್ಲ.

ಹಳೆಯ ರಷ್ಯದ ಈ ಕಥೆ ಭಾರತದ ಓದುಗರಿಗೆ ದೂರದ್ದೆನಿಸುವುದೇ? ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯೇ ಆರಂಭವಾಗದೆ, ಅಪರಾಧ ಸಾಬೀತಾದರೂ ಆಗಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ಕೊಳೆಯುತ್ತಿದ್ದ ಬಡವರ ಸಂಗತಿ 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಶೀಘ್ರ ವಿಚಾರಣೆಯು ಬದುಕುವ ಹಕ್ಕಿನ ಅಂಗವೆಂದು ಆಗ ನ್ಯಾಯಾಲಯ ಸಾರಿತು. 1983ರಲ್ಲಿ ಅದೇ ನ್ಯಾಯಾಲಯ ನಿರ್ಣಯಿಸಿದ ಇನ್ನೊಂದು ಪ್ರಕರಣದಲ್ಲಿ, 1968ರಲ್ಲಿಯೇ ದೋಷಮುಕ್ತನಾಗಿದ್ದ ಒಬ್ಬ ಮನುಷ್ಯ 1982ರವರೆಗೆ ಮುಜಫ್ಫರಪುರದ ಕಾರಾಗೃಹದಲ್ಲಿಯೇ ಇದ್ದನು. ಹದಿನಾಲ್ಕು ವರ್ಷಗಳಿಗೆ ನ್ಯಾಯಾಲಯ ಕೊಡಿಸಿದ ಮಧ್ಯಂತರ ಪರಿಹಾರ, ಮೊದಲೇ ಸಂದಿದ್ದ 5,000 ರೂಪಾಯಿ ಸೇರಿ, 35,000 ರೂಪಾಯಿ. ಅಲ್ಲಿಯೂ ಯಾರೋ ಒಂದು ಕಾಗದವನ್ನು ಮುಂದಿನ ಮೇಜಿಗೆ ಕಳುಹಿಸಲಿಲ್ಲ, ಅಷ್ಟೇ. 2022ರ ಅಧಿಕೃತ ಅಂಕಿಅಂಶಗಳ ಪ್ರಕಾರ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು, ಹಿಂದೆ ಯಾವ ಅಪರಾಧಕ್ಕೂ ಶಿಕ್ಷಿತರಾಗಿರದವರು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ, ಮರಣದಂಡನೆ ಮತ್ತು ಜೀವಾವಧಿ ಶಿಕ್ಷೆಯ ಅಪರಾಧಗಳ ಹೊರತು, ಬಿಡುಗಡೆಗೆ ದಾರಿ ತೆರೆದಿದೆ. ದಾರಿಯಿದ್ದರೆ ಸಾಲದು, ಆ ದಿನಗಳನ್ನು ಎಣಿಸುವವರು ಬೇಕು.

ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳಿಮಠ ಅವರ ನೇತೃತ್ವದ ಸಮಿತಿ 2003ರಲ್ಲಿ ಅಪರಾಧ ನ್ಯಾಯವ್ಯವಸ್ಥೆಯ ಸುಧಾರಣೆಯ ವರದಿಯನ್ನು ನೀಡಿತು. ಅಪರಾಧಕ್ಕೆ ಬಲಿಯಾದವರಿಗೆ ವಿಚಾರಣೆಯಲ್ಲಿ ಸ್ಥಾನವೂ ಪರಿಹಾರವೂ ಇರಬೇಕೆಂದು ಅದು ಹೇಳಿದ್ದು ಟಾಲ್‌ಸ್ಟಾಯ್ ಮರೆತ ಸ್ಮೆಲ್ಕೋವನನ್ನು ನೆನಪಿಸುತ್ತದೆ. ಪೊಲೀಸ್ ವರಿಷ್ಠಾಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದೂ, ಅಪರಾಧ ಸಾಬೀತಿಗೆ ಬೇಕಾದ ಪ್ರಮಾಣವನ್ನು ತಗ್ಗಿಸಬಹುದೆಂದೂ ಅದು ಸೂಚಿಸಿದ್ದು ತೀವ್ರ ವಿರೋಧವನ್ನು ಎದುರಿಸಿತು. ಸಂಶಯಾತೀತವಾದ ಪ್ರಮಾಣವನ್ನು ಕೇಳುವ ನ್ಯಾಯಾಲಯದಲ್ಲಿಯೇ ಮಾಸ್ಲೋವಾ ಶಿಕ್ಷೆಗೊಳಗಾಗಬಲ್ಲಳಾದರೆ, ಅದಕ್ಕಿಂತ ಸಡಿಲವಾದ ತಕ್ಕಡಿಯಲ್ಲಿ ಎಷ್ಟು ಮಾಸ್ಲೋವಾರು ತೂಗಲ್ಪಡುವರೋ ಎಂದು ‘ಪುನರುತ್ಥಾನ’ ಓದಿದವನು ಅಳುಕದೆ ಇರಲಾರ.

ಈ ಕಾದಂಬರಿಯನ್ನು ನ್ಯಾಯಾಧೀಶರೂ ಪೊಲೀಸರೂ ಮಾತ್ರ ಓದಬೇಕೆಂದು ಭಾವಿಸುವುದು ತಪ್ಪು. ಹನ್ನೆರಡು ಮಂದಿ ತೀರ್ಪುಗಾರರಲ್ಲಿ ಸರ್ಕಾರಿ ನೌಕರರಿದ್ದಂತೆ ವ್ಯಾಪಾರಿಯೂ ಇದ್ದನು. ಅವನು ಸುಖಸ್ವಭಾವದವನು, ಯಾರಿಗೂ ಕೇಡು ಬಯಸದವನು. ಅವನ ಒಳ್ಳೆಯತನದಿಂದ ಮಾಸ್ಲೋವಾಗೆ ಏನೂ ಪ್ರಯೋಜನವಾಗಲಿಲ್ಲ. ಇಂದು ತೀರ್ಪುಗಾರರ ಮಂಡಲಿ ಭಾರತದಲ್ಲಿಲ್ಲದಿದ್ದರೂ ಗೃಹಸ್ಥನ ಸಹಿ ಇದೆ. ಅಂಗಡಿಯ ಮುಂದೆ ಬರೆದ ಪಂಚನಾಮೆಗೆ ಓದದೆ ಹಾಕುವ ಸಹಿ, ಅಂಗಡಿಯ ಆಳಿನ ಮೇಲೆ ಬರಿಯ ಶಂಕೆಯಿಂದ ಕೊಡುವ ಕಳವಿನ ದೂರು, ತನ್ನವನನ್ನು ಬಿಡಿಸಲು ಮಾಡಿಸುವ ಶಿಫಾರಸು, ಕೆಲಸ ಬೇಗನಾಗಲೆಂದು ಕೊಡುವ ಮಾಮೂಲು, ಇವೆಲ್ಲವೂ ಆ ವ್ಯಾಪಾರಿಯ ಮೌನಸಮ್ಮತಿಯ ಬಂಧುಗಳೇ. 1988ರ ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿಯಿಂದ ಲಂಚ ಕೊಡುವುದೂ ನೇರವಾದ ಅಪರಾಧವಾಗಿದೆ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ತಿಳಿಸಿದರೆ ಮಾತ್ರ ರಕ್ಷಣೆಯುಂಟು. ಕಾನೂನು ಈಗ ಹೇಳಿದ್ದನ್ನು ಗೃಹಸ್ಥಧರ್ಮ ಬಹಳ ಹಿಂದೆಯೇ ಹೇಳಿತ್ತು.

ಹಾಗೆಯೇ, ಜಾಮೀನಿನ ಆಜ್ಞೆಯಾದರೂ ಹೊಣೆ ನಿಲ್ಲುವವರಿಲ್ಲದೆ, ಕಟ್ಟಲು ಹಣವಿಲ್ಲದೆ ಒಳಗೇ ಉಳಿದಿರುವ ಬಡವರು ಪ್ರತಿ ಜಿಲ್ಲೆಯ ಕಾರಾಗೃಹದಲ್ಲಿಯೂ ಇರುತ್ತಾರೆ. ಅವರ ಪಟ್ಟಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿದರೆ ತಿಳಿಯಬಹುದಾದ ಸಂಗತಿ. ಅನ್ನದಾನ, ಔಷಧದಾನ, ಅಭಯದಾನ, ಶಾಸ್ತ್ರದಾನಗಳಿಗೆ ನಿಧಿಯಿಡುವ ಬಸದಿಗಳ ಟ್ರಸ್ಟುಗಳು ವರ್ಷಕ್ಕೊಮ್ಮೆ ಆ ಪಟ್ಟಿಯನ್ನು ತರಿಸಿ ನೋಡಿದರೆ ಅಭಯದಾನದ ಖಾತೆಗೆ ಒಂದು ಸಾರ್ಥಕವಾದ ನಮೂದು ಸಿಕ್ಕೀತು. ಹಾಗೆ ನೋಡುವಾಗ ಕತ್ಯೂಷಾ ನೆಖ್ಲೂದೋವನಿಗೆ ಹೇಳಿದ ಮಾತು ನೆನಪಿನಲ್ಲಿರಬೇಕು. ಬಿಡುಗಡೆಯಾಗಬೇಕಾದವನು ಕೈದಿ, ಕೊಟ್ಟವನ ಹೆಸರಲ್ಲ.